ಕೊಯ್ದದ್ದು ಪರದೇಶದಲ್ಲಿ, ಕೂಡುವುದು ಮನೆಯಲ್ಲಿ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ಹಿರಿಯರ ಮಾತು. ಊಟಕ್ಕೂ ಮಾತಿಗೂ ಆಧಾರವಾಗಿರುವ ದವಡೆಯ ವಿಚಾರ ಮಾತ್ರ ನಮಗೆ ಅಷ್ಟಾಗಿ ನೆನಪಾಗುವುದಿಲ್ಲ. ಹಲ್ಲು ನೊಂದರೆ ಹಲ್ಲಿನ ಚಿಂತೆ ಮಾಡುತ್ತೇವೆಯೇ ಹೊರತು ಅದು ಊರಿ ನಿಂತಿರುವ ಮೂಳೆಯ ಚಿಂತೆ ಮಾಡುವುದಿಲ್ಲ. ಆ ಮೂಳೆಯನ್ನೇ ಕೊಯ್ದು, ಸರಿಸಿ, ಮತ್ತೆ ಕೂಡಿಸುವ ಶಸ್ತ್ರಚಿಕಿತ್ಸೆ ಮನೆಯ ಒಬ್ಬರಿಗೆ ಆದಾಗ, ಅದೂ ಸಾವಿರಾರು ಮೈಲಿ ದೂರದ ದೇಶದಲ್ಲಿ ಆದಾಗ, ಆರೈಕೆ ಹೇಗೆಂಬುದೇ ಮನೆಯವರಿಗೆ ತೋಚುವುದಿಲ್ಲ.

ಕನಕಪುರ ರಸ್ತೆಯ ಹಾರೋಹಳ್ಳಿಯನ್ನೇ ನೋಡಿ. ರಾಗಿ, ರೇಷ್ಮೆ, ತೆಂಗು ನಂಬಿ ಬದುಕಿದ ಊರು. ಹಿಂದೆ ಕನಕಪುರ ತಾಲ್ಲೂಕಿನ ಒಂದು ಹೋಬಳಿಯಾಗಿದ್ದುದು ಈಗ ತಾನೇ ತಾಲ್ಲೂಕು ಕೇಂದ್ರವಾಗಿದೆ. ಕೈಗಾರಿಕಾ ಪ್ರದೇಶ ಬಂದಿದೆ, ಸಮೀಪದಲ್ಲೇ ವೈದ್ಯಕೀಯ ಕಾಲೇಜು ಬಂದಿದೆ. ಓದಿದ ಮಕ್ಕಳು ಪರದೇಶಕ್ಕೆ ಹೋಗುವುದೂ ಈಗ ಅಪರೂಪವಲ್ಲ. ಇಂಥ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗಳು ಜರ್ಮನಿಯಲ್ಲಿ ಕೆಲಸದಲ್ಲಿದ್ದಾಳೆ. ಚಿಕ್ಕಂದಿನಿಂದಲೂ ಅವಳ ಕೆಳದವಡೆ ಮುಂದೆ ಚಾಚಿಕೊಂಡಿದ್ದು, ಮುಂದಿನ ಹಲ್ಲಿನಿಂದ ಒಂದು ಸೀಬೆಹಣ್ಣನ್ನೂ ಕಚ್ಚಲಾಗುತ್ತಿರಲಿಲ್ಲ. ಅಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಮೂರನೆಯ ವಾರಕ್ಕೆ ‘ಅವ್ವನ ಹತ್ತಿರ ಇದ್ದರೆ ಬೇಗ ಚೇತರಿಸಿಕೊಳ್ಳುತ್ತೇನೆ’ ಎಂದು ಊರಿಗೆ ಬರುತ್ತಾಳೆ. ಮುಖ ಇನ್ನೂ ಊದಿದೆ, ಮಾತು ತೊದಲು, ತುಟಿಗೆ ಸ್ಪರ್ಶವಿಲ್ಲ, ಕೈಯಲ್ಲಿರುವ ಕಾಗದವೆಲ್ಲ ಜರ್ಮನ್ ಭಾಷೆಯಲ್ಲಿದೆ. ಅವ್ವ ಏನು ಮಾಡಬೇಕು? ಅಪ್ಪ ಯಾರ ಬಳಿಗೆ ಕರೆದೊಯ್ಯಬೇಕು?

ಶಸ್ತ್ರಚಿಕಿತ್ಸೆ ಕೆಲವು ಗಂಟೆಗಳ ಕೆಲಸ. ಚೇತರಿಕೆ ವಾರಗಟ್ಟಲೆಯ ಕೆಲಸ, ಅದರ ಬಹುಪಾಲು ನಡೆಯುವುದು ಮನೆಯಲ್ಲಿ. ಆದ್ದರಿಂದ ಮನೆಯವರಿಗೂ ಇದರ ತಿಳಿವಳಿಕೆ ಅಗತ್ಯ.

ಏನಿದು ಶಸ್ತ್ರಚಿಕಿತ್ಸೆ?

ದವಡೆಯ ಶಸ್ತ್ರಚಿಕಿತ್ಸೆ ಹಲವು ಕಾರಣಗಳಿಗೆ ನಡೆಯುತ್ತದೆ. ರಸ್ತೆ ಅಪಘಾತದಲ್ಲಿ ಮುರಿದ ಮೂಳೆಯನ್ನು ಕೂಡಿಸಲು, ಗೆಡ್ಡೆ ಅಥವಾ ಕ್ಯಾನ್ಸರನ್ನು ತೆಗೆಯಲು, ಬಾಯಿ ತೆರೆಯಲಾಗದಂತೆ ಬಿಗಿದ ಕೀಲನ್ನು ಬಿಡಿಸಲು ಇದು ಬೇಕಾಗುತ್ತದೆ. ಮೇಲಿನ ಉದಾಹರಣೆಯಲ್ಲಿರುವುದು ದವಡೆಗಳ ಹೊಂದಾಣಿಕೆ ಸರಿಪಡಿಸುವ ಚಿಕಿತ್ಸೆ. ಮೇಲಿನ ದವಡೆ, ಕೆಳಗಿನ ದವಡೆ ಬೆಳವಣಿಗೆಯಲ್ಲಿ ಹೆಚ್ಚುಕಡಿಮೆಯಾದರೆ ಹಲ್ಲುಗಳು ಒಂದರ ಮೇಲೊಂದು ಕೂರುವುದಿಲ್ಲ. ಅಗಿಯುವುದು ಕಷ್ಟ, ಕೆಲವು ಅಕ್ಷರಗಳ ಉಚ್ಚಾರಣೆ ಕಷ್ಟ. ಕೆಲವರಿಗೆ ನಿದ್ದೆಯಲ್ಲಿ ಉಸಿರು ಕಟ್ಟುವುದೂ ಉಂಟು. ಇದನ್ನು ಬರೀ ಅಂದಕ್ಕಾಗಿ ಮಾಡಿಸಿಕೊಳ್ಳುವ ಚಿಕಿತ್ಸೆ ಎಂದು ಹಗುರವಾಗಿ ಕಾಣಬಾರದು.

ಸಾಮಾನ್ಯವಾಗಿ ಬಾಯಿಯ ಒಳಗಿನಿಂದಲೇ ಕೊಯ್ಯುವುದರಿಂದ ಮುಖದ ಮೇಲೆ ಕಾಣುವಂಥ ಗಾಯ ಇರುವುದಿಲ್ಲ. ಗಾಯ ಕಾಣದಿರುವುದರಿಂದಲೇ ಮನೆಯವರು ‘ಏನೂ ಆಗಿಲ್ಲ’ ಎಂದುಕೊಳ್ಳುವ ಅಪಾಯವಿದೆ. ಒಳಗೆ ಮೂಳೆ ತುಂಡಾಗಿದ್ದು, ಟೈಟಾನಿಯಂ ಲೋಹದ ಪುಟ್ಟ ಪಟ್ಟಿಗಳು ಮತ್ತು ಸ್ಕ್ರೂಗಳು ಅದನ್ನು ಹಿಡಿದಿಟ್ಟಿರುತ್ತವೆ ಎಂಬುದನ್ನು ಮರೆಯಬಾರದು.

ಆರು ವಾರದ ಲೆಕ್ಕ

ಮೇಲ್ದವಡೆ ಪೆಟ್ಟು ಬಿದ್ದಾಗ ಯಾವ ಗೆರೆಗಳಲ್ಲಿ ಸೀಳುತ್ತದೆ ಎಂಬುದನ್ನು ಫ್ರಾನ್ಸಿನ ವೈದ್ಯ ರೆನೆ ಲೆ ಫೋರ್ 1901ರಲ್ಲಿ ವಿವರಿಸಿದರು. ಇಂದಿಗೂ ಮೇಲ್ದವಡೆಯ ಶಸ್ತ್ರಚಿಕಿತ್ಸೆಗೆ ಅವರ ಹೆಸರೇ ಇದೆ. ಕೆಳದವಡೆಯನ್ನು ಬಾಯಿಯ ಒಳಗಿನಿಂದಲೇ ಎರಡು ಪದರವಾಗಿ ಸೀಳಿ, ಬೇಕಾದಷ್ಟು ಹಿಂದಕ್ಕೋ ಮುಂದಕ್ಕೋ ಜಾರಿಸುವ ವಿಧಾನವನ್ನು ಬಳಕೆಗೆ ತಂದವರು ಹ್ಯೂಗೋ ಓಬ್ವೆಗೇಸರ್. ಅದರ ವಿವರ ಇಂಗ್ಲಿಷಿನಲ್ಲಿ ಪ್ರಕಟವಾದದ್ದು 1957ರಲ್ಲಿ. ಆ ಕಾಲದಲ್ಲಿ ಮೇಲಿನ ಮತ್ತು ಕೆಳಗಿನ ಹಲ್ಲುಗಳನ್ನು ತಂತಿಯಿಂದ ಬಿಗಿದು ವಾರಗಟ್ಟಲೆ ಬಾಯಿ ಮುಚ್ಚಿಯೇ ಇಡಬೇಕಾಗಿತ್ತು. 1970ರ ದಶಕದ ನಂತರ ಪುಟ್ಟ ಪಟ್ಟಿ, ಸ್ಕ್ರೂಗಳು ಬಳಕೆಗೆ ಬಂದ ಮೇಲೆ ಈ ಕಷ್ಟ ಬಹಳ ಕಡಿಮೆಯಾಯಿತು. ಈಗ ಹೆಚ್ಚಿನವರಿಗೆ ಹಲ್ಲಿನ ಕ್ಲಿಪ್ಪುಗಳಿಗೆ ಸಿಕ್ಕಿಸಿದ ಸಣ್ಣ ರಬ್ಬರ್ ಬ್ಯಾಂಡುಗಳಷ್ಟೇ ಇರುತ್ತವೆ. ಕೆಲವರಿಗೆ ಮಾತ್ರ ಇಂದಿಗೂ ತಂತಿ ಬಿಗಿಯುವುದುಂಟು.

ಪಟ್ಟಿ ಹಾಕಿದ್ದಾರೆಂದ ಮೇಲೆ ಮೂಳೆ ಅಂದೇ ಕೂಡಿತು ಎಂದಲ್ಲ. ಕೈಮೂಳೆ ಮುರಿದಾಗ ಪಟ್ಟು ಬಿಚ್ಚಲು ಹೇಗೆ ಕಾಯುತ್ತೇವೆಯೋ ಹಾಗೆಯೇ ಇಲ್ಲೂ ಕಾಯಬೇಕು. ಮೊದಲು ರಕ್ತ ಹೆಪ್ಪುಗಟ್ಟಿ, ಅದರಲ್ಲಿ ಮೆದುವಾದ ಹೊಸ ಅಂಗಾಂಶ ಬೆಳೆದು, ಕ್ರಮೇಣ ಅದು ಗಟ್ಟಿ ಮೂಳೆಯಾಗುತ್ತದೆ. ಸುಮಾರು ಆರು ವಾರಕ್ಕೆ ಮೂಳೆ ತಕ್ಕಮಟ್ಟಿಗೆ ಬೆಸೆಯುತ್ತದೆ. ಪೂರ್ತಿ ಬಲ ಬರಲು ಇನ್ನೂ ಹಲವು ತಿಂಗಳು ಬೇಕು. ಈ ಆರು ವಾರಗಳಲ್ಲಿ ಗಟ್ಟಿ ಪದಾರ್ಥ ಕಡಿದರೆ ಪಟ್ಟಿ ಸಡಿಲವಾಗಬಹುದು, ಕೂಡಿಸಿದ ಮೂಳೆ ಜಾಗ ತಪ್ಪಬಹುದು.

ಮುಖದ ಊತಕ್ಕೂ ಒಂದು ಲೆಕ್ಕವಿದೆ. ಅದು ಎರಡು–ಮೂರನೆಯ ದಿನ ಅತಿ ಹೆಚ್ಚು. ಎರಡು–ಮೂರು ವಾರದಲ್ಲಿ ಬಹುಪಾಲು ಇಳಿಯುತ್ತದೆ. ಉಳಿದ ಅಲ್ಪಸ್ವಲ್ಪ ಇಳಿಯಲು ಆರು ತಿಂಗಳಿಂದ ಒಂದು ವರ್ಷವೂ ಆಗಬಹುದು. ಮೂರನೆಯ ವಾರದ ಮುಖವನ್ನು ನೋಡಿ ‘ಇದೇ ಅವಳ ಮುಖ’ ಎಂದು ತೀರ್ಮಾನಿಸಬಾರದು.

ವೈದ್ಯರು ಬರುವುದಿಲ್ಲ, ಕಾಗದ ಬರಬೇಕು

ಮನೋವಿಜ್ಞಾನಿ ಸಿಗ್ಮಂಡ್ ಫ್ರಾಯ್ಡ್ ಅವರಿಗೆ 1923ರಲ್ಲಿ ಬಾಯಿಯ ಕ್ಯಾನ್ಸರ್ ಕಾಣಿಸಿಕೊಂಡಿತು. ವಿಯೆನ್ನಾದ ಶಸ್ತ್ರವೈದ್ಯ ಹಾನ್ಸ್ ಪಿಕ್ಲರ್ ಅವರ ಮೇಲ್ದವಡೆಯ ಒಂದು ಭಾಗವನ್ನು ತೆಗೆದು, ಆ ಜಾಗಕ್ಕೆ ಕೃತಕ ಅಂಗ ಕೂರಿಸಿದರು. ಅದನ್ನು ಧರಿಸಿಯೇ ಫ್ರಾಯ್ಡ್ ತಿನ್ನುವುದನ್ನೂ ಮಾತಾಡುವುದನ್ನೂ ಹೊಸದಾಗಿ ಕಲಿತು 16 ವರ್ಷ ಬದುಕಿದರು. 1938ರಲ್ಲಿ ಅವರು ನಾಜಿಗಳ ಕಾಟದಿಂದ ಲಂಡನ್ನಿಗೆ ಹೋದಾಗ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಯಿತು. ಆಗ ಪಿಕ್ಲರ್ ಅವರೇ ವಿಯೆನ್ನಾದಿಂದ ಲಂಡನ್ನಿಗೆ ಬಂದು ಅದನ್ನು ಮಾಡಿದರು. ಅಷ್ಟು ವರ್ಷ ಕೈಯಾಡಿಸಿದ ಆ ಬಾಯಿಯ ಒಳಹೊರಗನ್ನು ಬಲ್ಲವರು ಅವರೇ ತಾನೆ!

ನಮ್ಮ ಮಕ್ಕಳ ವೈದ್ಯರು ಹಾರೋಹಳ್ಳಿಗೆ ಬರಲಾರರು. ಅವರ ಬದಲು ಅವರ ಕಾಗದಪತ್ರ ಬರಬೇಕು. ಪರದೇಶದಿಂದ ಹೊರಡುವ ಮುನ್ನ ಇಷ್ಟನ್ನು ಕೇಳಿ ಪಡೆಯುವಂತೆ ಮಕ್ಕಳಿಗೆ ಹೇಳಿ:

* ಶಸ್ತ್ರಚಿಕಿತ್ಸೆಯ ವಿವರವಾದ ವರದಿ. ಜರ್ಮನ್, ಜಪಾನಿ, ಅರಬ್ಬಿ ಯಾವ ಭಾಷೆಯಲ್ಲಿದ್ದರೂ ಅದರ ಇಂಗ್ಲಿಷ್ ಪ್ರತಿ ಜೊತೆಗಿರಲಿ.

* ಶಸ್ತ್ರಚಿಕಿತ್ಸೆಯ ಮೊದಲಿನ ಮತ್ತು ನಂತರದ ಎಕ್ಸ್-ರೇ, ಸ್ಕ್ಯಾನ್. ಮುದ್ರಿಸಿದ ಹಾಳೆಯೊಂದೇ ಸಾಲದು, ಸಿ.ಡಿ. ಅಥವಾ ಪೆನ್‌ಡ್ರೈವಿನಲ್ಲೂ ಇರಲಿ.

* ಹಾಕಿರುವ ಪಟ್ಟಿ ಮತ್ತು ಸ್ಕ್ರೂ ಯಾವ ತಯಾರಕರದು, ಯಾವ ಅಳತೆಯದು ಎಂಬ ವಿವರ. ಮುಂದೆ ಎಂದಾದರೂ ಅದನ್ನು ತೆಗೆಯಬೇಕಾದರೆ ಆ ಸ್ಕ್ರೂವಿನ ತಲೆಗೆ ಹೊಂದುವ ಉಪಕರಣವೇ ಬೇಕಾಗುತ್ತದೆ.

* ರಬ್ಬರ್ ಬ್ಯಾಂಡುಗಳನ್ನು ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು, ಎಷ್ಟು ವಾರ ಹಾಕಬೇಕೆಂಬ ಚಿತ್ರ. ಬ್ಯಾಂಡುಗಳ ಹೆಚ್ಚುವರಿ ಪೊಟ್ಟಣ.

* ಔಷಧಿಗಳ ಮೂಲ ಹೆಸರು, ಪ್ರಮಾಣ, ಕೊನೆಯ ಗುಳಿಗೆ ಯಾವ ದಿನ ಎಂಬ ಪಟ್ಟಿ.

ಹಲ್ಲುಗಳ ಸಂಖ್ಯೆಯ ವಿಚಾರದಲ್ಲಿ ಎಚ್ಚರ ಬೇಕು. ಅಮೆರಿಕದಲ್ಲಿ ಹಲ್ಲುಗಳನ್ನು 1ರಿಂದ 32ರವರೆಗೆ ಸಾಲಾಗಿ ಎಣಿಸುತ್ತಾರೆ. ಅಲ್ಲಿನ ‘17’ ಎಂದರೆ ಕೆಳಗಿನ ಎಡಭಾಗದ ಕಟ್ಟಕಡೆಯ ಬುದ್ಧಿಹಲ್ಲು. ಯೂರೋಪಿನಲ್ಲೂ ನಮ್ಮಲ್ಲೂ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ‘17’ ಎಂದರೆ ಮೇಲಿನ ಬಲಭಾಗದ ಎರಡನೆಯ ದವಡೆಹಲ್ಲು. ಒಂದೇ ಸಂಖ್ಯೆ, ಬಾಯಿಯ ಎರಡು ವಿರುದ್ಧ ಮೂಲೆ! ಆದ್ದರಿಂದ ಕಾಗದ ಯಾವ ದೇಶದ್ದು ಎಂಬುದನ್ನು ಇಲ್ಲಿನ ವೈದ್ಯರಿಗೆ ಮೊದಲೇ ತಿಳಿಸಿ.

ಔಷಧಿಯದೂ ಹೀಗೆಯೇ. ಅಮೆರಿಕದ ಬಾಟಲಿಯ ಮೇಲೆ ‘ಅಸಿಟಮಿನೋಫೆನ್’ ಎಂದು ಬರೆದಿರುವುದು ನಮ್ಮ ಪ್ಯಾರಸಿಟಮಾಲೇ. ಅಲ್ಲಿ ಕೊಡುವ ಕೆಲವು ಬಲವಾದ ನೋವಿನ ಮಾತ್ರೆಗಳಲ್ಲಿಯೂ ಅದು ಬೆರೆತಿರುತ್ತದೆ. ಅದನ್ನು ಅರಿಯದೆ ಇಲ್ಲಿನ ಪ್ಯಾರಸಿಟಮಾಲನ್ನೂ ನುಂಗಿಸಿದರೆ ಪ್ರಮಾಣ ಮೀರುತ್ತದೆ. ಆರೋಗ್ಯವಂತ ವಯಸ್ಕರಿಗೂ 24 ಗಂಟೆಗಳಲ್ಲಿ ಒಟ್ಟು 4 ಗ್ರಾಂ ದಾಟಬಾರದು. ತೂಕ ಕಡಿಮೆಯಿದ್ದವರಿಗೆ, ಯಕೃತ್ತಿನ ತೊಂದರೆ ಇದ್ದವರಿಗೆ ಮಿತಿ ಇನ್ನೂ ಕಡಿಮೆ.

ವಿಮಾನದ ಪ್ರಯಾಣ

ಯಾವಾಗ ವಿಮಾನ ಹತ್ತಬಹುದೆಂದು ಹೇಳಬೇಕಾದವರು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರೇ. ರಜೆ ಸಿಕ್ಕಿತು, ಟಿಕೆಟ್ ಅಗ್ಗ ಎಂಬ ಕಾರಣಕ್ಕೆ ಅವಸರ ಬೇಡ. ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು. ಮೇಲ್ದವಡೆಯ ಶಸ್ತ್ರಚಿಕಿತ್ಸೆಯಲ್ಲಿ ಮೂಗಿನ ಪಕ್ಕದ ಗಾಳಿಗೂಡುಗಳಿಗೂ ಪೆಟ್ಟಾಗಿರುತ್ತದೆ. ವಿಮಾನ ಏರಿಳಿಯುವಾಗ ಒತ್ತಡ ಬದಲಾಗಿ ನೋವು, ರಕ್ತಸ್ರಾವ ಆಗಬಹುದು. ಶಸ್ತ್ರಚಿಕಿತ್ಸೆಯಾದವರು ಎಂಟು ಹತ್ತು ಗಂಟೆ ಒಂದೇ ಕಡೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವೂ ಹೆಚ್ಚು. ಆಗಾಗ ಎದ್ದು ಓಡಾಡಬೇಕು, ಕುಳಿತಲ್ಲೇ ಪಾದ ಆಡಿಸಬೇಕು, ನೀರು ಕುಡಿಯಬೇಕು.

ದವಡೆಗೆ ತಂತಿ ಬಿಗಿದಿದ್ದರೆ ವಿಮಾನ ಸಂಸ್ಥೆಗೆ ಮುಂಚಿತವಾಗಿ ತಿಳಿಸಲೇಬೇಕು. ವಾಂತಿಯಾಗಿ ಉಸಿರು ಕಟ್ಟಿದರೆ ತಂತಿಯನ್ನು ಕತ್ತರಿಸಬೇಕಾಗುತ್ತದೆ. ಅದಕ್ಕೆ ಬೇಕಾದ ಕತ್ತರಿಯನ್ನು ಕೈಚೀಲದಲ್ಲಿ ಒಯ್ಯಲು ಅನುಮತಿ ಬೇಕು. ಟೈಟಾನಿಯಂ ಪಟ್ಟಿಗಳಿಂದ ತಪಾಸಣೆಯ ಯಂತ್ರ ಸದ್ದು ಮಾಡುವುದು ಅಪರೂಪ. ಆದರೂ ವೈದ್ಯರ ಪತ್ರ ಕೈಯಲ್ಲಿದ್ದರೆ ನೆಮ್ಮದಿ. ದೇವನಹಳ್ಳಿಯಲ್ಲಿ ಇಳಿದ ಮೇಲೆ ಹಾರೋಹಳ್ಳಿಗೆ ಬರಲು ಬೆಂಗಳೂರನ್ನು ಉತ್ತರದಿಂದ ದಕ್ಷಿಣಕ್ಕೆ ದಾಟಬೇಕು. ಕಾರಿನಲ್ಲಿ ಬರಲಿ, ಹಂಪುಗಳಲ್ಲಿ ನಿಧಾನವಿರಲಿ. ಆರು ವಾರದ ತನಕ ದ್ವಿಚಕ್ರ ವಾಹನ ಬೇಡ. ಹೆಲ್ಮೆಟ್ ತೊಡುವಾಗಲೂ ತೆಗೆಯುವಾಗಲೂ ದವಡೆಯನ್ನೇ ಒತ್ತುತ್ತದೆ.

ಅಡುಗೆಮನೆಯೇ ಔಷಧಾಲಯ

ಈ ಚಿಕಿತ್ಸೆಯ ನಂತರ ಕೆಲವು ಕಿಲೋ ತೂಕ ಇಳಿಯುವುದು ಸಾಮಾನ್ಯ. ಹೊಟ್ಟೆಗೆ ಸಾಲದಿದ್ದರೆ ಗಾಯ ಮಾಯುವುದು ನಿಧಾನ, ನಿಶ್ಶಕ್ತಿ, ಬೇಸರ ಎಲ್ಲವೂ ಹೆಚ್ಚು. ಮೊದಲ ದಿನಗಳಲ್ಲಿ ನೀರಿನಂತೆ ತೆಳ್ಳಗಿನದು, ಆಮೇಲೆ ಸೋಸಿದ ಗಂಜಿಯಂಥದು, ನಾಲ್ಕರಿಂದ ಆರನೆಯ ವಾರದ ಹೊತ್ತಿಗೆ ಅಗಿಯಬೇಕಿಲ್ಲದ ಮೆತ್ತನೆಯದು. ಇದು ಸಾಮಾನ್ಯ ಕ್ರಮ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹೋಗಲು ವೈದ್ಯರ ಅಪ್ಪಣೆ ಇರಲಿ.

ನಮ್ಮ ಕಡೆಯ ಅಡುಗೆಮನೆಗೆ ಇದು ಹೊಸ ವಿದ್ಯೆಯೇನೂ ಅಲ್ಲ. ಮಗುವಿಗೆ ಮಾಡುವ ರಾಗಿ ಸರಿ, ತೆಳ್ಳಗಿನ ರಾಗಿ ಅಂಬಲಿ, ಹಾಲಿಗೆ ಕದಡಿ ಸೋಸಿದ ರಾಗಿ ಹುರಿಹಿಟ್ಟು, ಮಜ್ಜಿಗೆ, ಎಳನೀರು ಎಲ್ಲವೂ ಈ ರೋಗಿಗೆ ಹೇಳಿ ಮಾಡಿಸಿದಂತಿವೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಕ್ಕಿಯಲ್ಲಿ ಅದು ಬಹಳ ಕಡಿಮೆ. ಶಸ್ತ್ರಚಿಕಿತ್ಸೆಯ ನಂತರ ಹೀರುಕೊಳವೆ ಬಳಸಬಾರದೆಂದು ಹಲವು ವೈದ್ಯರು ಹೇಳುತ್ತಾರೆ. ಹೀರುವ ಸೆಳೆತಕ್ಕೆ ಗಾಯದಲ್ಲಿ ರಕ್ತ ಬರಬಹುದು. ಆಗ ಅಟ್ಟದ ಮೇಲಿರುವ ಹಳೆಯ ಒಳಲೆಯನ್ನು ಇಳಿಸಿ, ಚೆನ್ನಾಗಿ ಕುದಿಸಿ ಬಳಸಿ. ಕೆನ್ನೆಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಹನಿಸಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ.

ಆದರೆ ಒಂದು ತಪ್ಪು ಎಲ್ಲ ಮನೆಗಳಲ್ಲೂ ಆಗುತ್ತದೆ. ಬೇಳೆ ಬೇಯಿಸಿ ಮೇಲಿನ ಕಟ್ಟನ್ನು ಮಾತ್ರ ಬಸಿದು ಕೊಡುತ್ತಾರೆ. ಕೋಳಿ ಬೇಯಿಸಿ ತಿಳಿಯನ್ನು ಮಾತ್ರ ಕುಡಿಸುತ್ತಾರೆ. ತಿಳಿಯಲ್ಲಿ ರುಚಿಯಿರುತ್ತದೆ, ಪ್ರೋಟೀನಿನ ಬಹುಪಾಲು ತಳದಲ್ಲೇ ಉಳಿಯುತ್ತದೆ. ಬೆಂದ ಬೇಳೆಯನ್ನು, ಬೆಂದ ಮಾಂಸವನ್ನು ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ, ಜಾಲರಿಯಲ್ಲಿ ಸೋಸಿ, ಅದೇ ತಿಳಿಯಲ್ಲಿ ಕದಡಿ ಕೊಡಬೇಕು. ದಿನಕ್ಕೆ ಅರ್ಧ ಲೀಟರ್ ಹಾಲು, ಬೇಯಿಸಿ ರುಬ್ಬಿದ ಎರಡು ಮೊಟ್ಟೆ, 100 ಗ್ರಾಂ ಬೇಳೆ, 50 ಗ್ರಾಂ ರಾಗಿ, ಒಂದು ದೊಡ್ಡ ಬಟ್ಟಲು ಮೊಸರು ಇಷ್ಟು ಹೊಟ್ಟೆಗೆ ಹೋದರೆ ಸುಮಾರು 60 ಗ್ರಾಂ ಪ್ರೋಟೀನು ಸಿಗುತ್ತದೆ. ಸಾಧಾರಣ ಮೈಕಟ್ಟಿನ ಹೆಣ್ಣುಮಗಳಿಗೆ ಇದು ಒಳ್ಳೆಯ ಬುನಾದಿ. ಮೊಟ್ಟೆ ತಿನ್ನದವರು ಹಾಲು, ಮೊಸರು, ಬೇಳೆಯನ್ನು ಹೆಚ್ಚಿಸಿಕೊಳ್ಳಬೇಕು. ಒಮ್ಮೆಲೇ ಹೊಟ್ಟೆ ತುಂಬ ಆಗದು. ಎರಡು ಗಂಟೆಗೊಮ್ಮೆ ಒಂದೊಂದು ಲೋಟದಂತೆ ಕೊಡಿ.

ಒಗ್ಗರಣೆಯ ಸಾಸಿವೆ, ಕರಿಬೇವು, ಗಸಗಸೆ, ಎಳ್ಳು ಹೊಲಿಗೆಯ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಅವು ಬೇಡ. ಖಾರವೂ ಕಡಿಮೆಯಿರಲಿ. ತುಟಿಗೆ ಸ್ಪರ್ಶವಿಲ್ಲದಿರುವಾಗ ಬಿಸಿ ಗೊತ್ತಾಗದೆ ಸುಟ್ಟುಕೊಳ್ಳುವುದುಂಟು. ಕೊಡುವ ಮುನ್ನ ನಿಮ್ಮ ಮುಂಗೈ ಮೇಲೆ ಒಂದು ಹನಿ ಹಾಕಿ ನೋಡಿ.

ಇನ್ನು ಮುದ್ದೆಯ ಪ್ರಶ್ನೆ. ‘ಮುದ್ದೆ ನುಂಗೋದಲ್ವಾ, ಅಗಿಯೋದೆಲ್ಲಿ ಬಂತು? ಒಂದು ತುತ್ತು ಕೊಟ್ರೆ ಏನಾಗುತ್ತೆ?’ ಎಂದು ಅಜ್ಜಿಯರು ಕೇಳುವುದರಲ್ಲಿ ನ್ಯಾಯವಿದೆ. ಆದರೆ ತುತ್ತು ಒಳಗೆ ಹೋಗಲು ಬಾಯಿ ಅಗಲವಾಗಿ ತೆರೆಯಬೇಕು, ನಾಲಿಗೆ ಅದನ್ನು ಬಲವಾಗಿ ಹಿಂದಕ್ಕೆ ತಳ್ಳಬೇಕು. ಮುದ್ದೆಯ ಅಂಟು ಹೊಲಿಗೆಗೂ ಕ್ಲಿಪ್ಪಿಗೂ ಹತ್ತಿಕೊಳ್ಳುತ್ತದೆ. ಹೀಗಾಗಿ ಮೊದಲ ವಾರಗಳಲ್ಲಿ ಮುದ್ದೆ ಬೇಡವೇ ಬೇಡ. ಮೆತ್ತನೆಯ ಊಟಕ್ಕೆ ವೈದ್ಯರು ಒಪ್ಪಿದ ಮೇಲೆ, ಸಡಿಲವಾಗಿ ತೊಳಸಿದ ಮುದ್ದೆಯ ಪುಟ್ಟ ತುತ್ತು, ಸೋಸಿದ ಸಾರಿನಲ್ಲಿ ಅದ್ದಿ ಕೊಡಬಹುದು. ಆಗ ಅದು ಚಪಾತಿ, ದೋಸೆಗಳಿಗಿಂತ ದವಡೆಗೆ ಹಗುರ.

‘ನಂಜು’ ಎಂಬ ಭಯವೂ ನಮ್ಮಲ್ಲಿ ದೊಡ್ಡದು. ಗಾಯವಾದವರಿಗೆ ಮೊಟ್ಟೆ, ಮೀನು, ಬೇಳೆ, ಬದನೆಕಾಯಿ ಎಲ್ಲವನ್ನೂ ಬಿಡಿಸಿ ಬರೀ ಅನ್ನದ ಗಂಜಿ ಕೊಡುವ ಮನೆಗಳಿವೆ. ಕೀವು ಆಗುವುದು ಸೋಂಕಿನಿಂದಲೇ ಹೊರತು ಮೊಟ್ಟೆಯಿಂದಲ್ಲ. ಗಾಯ ಮಾಯಲು ಬೇಕಾದ ಪ್ರೋಟೀನು ಇರುವುದು ನಾವು ನಂಜೆಂದು ಬಿಡಿಸುವ ಆ ಪದಾರ್ಥಗಳಲ್ಲೇ. ನಿಜವಾದ ನಂಜು ಬೀಡಿ, ಸಿಗರೇಟು, ಹೊಗೆಸೊಪ್ಪು. ಇವು ರಕ್ತಸಂಚಾರವನ್ನು ತಗ್ಗಿಸಿ ಮೂಳೆ ಕೂಡುವುದನ್ನು ತಡೆಯುತ್ತವೆ. ಎಲೆ-ಅಡಿಕೆಯನ್ನೂ ದೂರವಿಡಬೇಕು.

ಬಾಯಿಯ ಶುಚಿ, ಮುಖದ ಆರೈಕೆ

ಪ್ರತಿ ಸಲ ಕುಡಿದ ನಂತರವೂ ಉಗುರುಬೆಚ್ಚಗಿನ ಉಪ್ಪುನೀರಿನಿಂದ ಮೆಲ್ಲಗೆ ಬಾಯಿ ತೊಳೆಯಬೇಕು. ವೈದ್ಯರು ಕೊಟ್ಟ ಔಷಧಿ ನೀರಿದ್ದರೆ ಹೇಳಿದಷ್ಟು ದಿನ ಬಳಸಬೇಕು. ಮಕ್ಕಳ ಮೆದು ಬ್ರಷ್ಷಿನಿಂದ, ಹೊಲಿಗೆಗೆ ತಾಗದಂತೆ, ಹಲ್ಲುಗಳನ್ನು ಮಾತ್ರ ಉಜ್ಜಬೇಕು. ಬೇವಿನ ಕಡ್ಡಿ, ಇದ್ದಿಲು, ಬೆರಳಿನಿಂದ ತಿಕ್ಕುವುದು ಸಲ್ಲದು.

ಮಲಗುವಾಗ ಎರಡು ದಿಂಬು ಇಟ್ಟು ತಲೆ ಎತ್ತರದಲ್ಲಿರಲಿ. ಇದರಿಂದ ಊತ ಬೇಗ ಇಳಿಯುತ್ತದೆ. ಮೇಲ್ದವಡೆಯ ಚಿಕಿತ್ಸೆಯಾಗಿದ್ದರೆ ವೈದ್ಯರು ಹೇಳುವವರೆಗೆ ಜೋರಾಗಿ ಸಿಂಬಳ ತೆಗೆಯಬಾರದು. ಸೀನು ಬಂದರೆ ಮೂಗು ಹಿಡಿಯದೆ, ಬಾಯಿ ಆದಷ್ಟು ತೆರೆದು ಸೀನಬೇಕು. ರೇಷ್ಮೆ ಹುಳುಮನೆಗೆ ಔಷಧಿ ಹೊಡೆಯುವ ದಿನ, ಒಕ್ಕಣೆಯ ದೂಳಿನ ದಿನ ರೋಗಿ ದೂರವಿರಲಿ.

ಮುಖಕ್ಕೆ ಪಟ್ಟು ಹಾಕುವುದು, ನೀಲಗಿರಿ ಎಣ್ಣೆ ತಿಕ್ಕುವುದು, ಮೂಳೆ ಕಟ್ಟುವವರನ್ನು ಕರೆಸಿ ದವಡೆ ನೀವಿಸುವುದು ಯಾವುದೂ ಕೂಡದು. ಬಾಯಿ ತೆರೆಯುವ ವ್ಯಾಯಾಮ ಮುಂದೆ ಬೇಕೇ ಬೇಕು. ಸಾಮಾನ್ಯವಾಗಿ ನಮ್ಮ ಮೂರು ಬೆರಳು ಒಂದರ ಮೇಲೊಂದಾಗಿ ಹಿಡಿಸುವಷ್ಟು ಬಾಯಿ ತೆರೆಯುತ್ತದೆ. ಆ ಮಟ್ಟ ಮುಟ್ಟಲು ತಿಂಗಳುಗಳೇ ಬೇಕು. ಅದನ್ನು ಯಾವ ದಿನ ಶುರುಮಾಡಬೇಕು, ಎಷ್ಟು ಮಾಡಬೇಕು ಎಂಬುದನ್ನು ತಜ್ಞರೇ ಹೇಳಬೇಕು.

ಜೋಮು ಹಿಡಿದ ತುಟಿ

ಕೆಳದವಡೆಯ ಮೂಳೆಯ ಒಳಗೊಂದು ನರ ಹಾದುಹೋಗುತ್ತದೆ. ಕೆಳತುಟಿ, ಗಲ್ಲಗಳ ಸ್ಪರ್ಶಜ್ಞಾನ ಅದರದು. ಮೂಳೆ ಸೀಳುವಾಗ ಅದು ಎಳೆದಂತಾಗುವುದರಿಂದ ಜೋಮು ಹಿಡಿಯುತ್ತದೆ. ಕುಡಿದದ್ದು ತುಟಿಯಿಂದ ಜಾರಿದರೂ ತಿಳಿಯುವುದಿಲ್ಲ. ಗಂಡಸರಿಗೆ ಗಡ್ಡ ಹೆರೆಯುವಾಗ ಕೊಯ್ದುಕೊಂಡರೂ ತಿಳಿಯುವುದಿಲ್ಲ. ಇದು ಪಾರ್ಶ್ವವಾಯುವಲ್ಲ. ತುಟಿ ಆಡುತ್ತದೆ, ಸ್ಪರ್ಶ ಮಾತ್ರ ಇರುವುದಿಲ್ಲ. ವಾರಗಳಿಂದ ತಿಂಗಳುಗಳಲ್ಲಿ ಹೆಚ್ಚಿನವರಲ್ಲಿ ಇದು ಸುಧಾರಿಸುತ್ತದೆ. ಚುಚ್ಚಿದಂತೆ, ಇರುವೆ ಹರಿದಂತೆ ಆಗುವುದು ನರ ಎಚ್ಚೆತ್ತುಕೊಳ್ಳುತ್ತಿರುವ ಸೂಚನೆ. ಕೆಲವರಲ್ಲಿ ಮಾತ್ರ ಸ್ವಲ್ಪ ಜೋಮು ಶಾಶ್ವತವಾಗಿ ಉಳಿಯಬಹುದು. ಈ ಸತ್ಯವನ್ನು ಮರೆಮಾಚಬೇಕಿಲ್ಲ.

ನೋಡಲು ಬರುವವರು

ನಮ್ಮ ಊರುಗಳಲ್ಲಿ ಕಾಯಿಲೆಯವರನ್ನು ನೋಡಲು ಬರುವುದು ಒಂದು ಧರ್ಮ. ಬರಲಿ. ಆದರೆ ಬಾಗಿಲಲ್ಲೇ ‘ಯಾಕ್ ಮಗ ಹಿಂಗಾಯ್ತು ಮುಖ? ದೇವರು ಕೊಟ್ಟ ರೂಪ ಕೆಡಿಸ್ಕೊಂಡ್ಯಲ್ಲ!’ ಎಂದರೆ ಆ ಮಗು ಏನು ಉತ್ತರ ಕೊಡಬೇಕು? ಉತ್ತರ ಕೊಡಲು ಬಾಯೇ ಬರುವುದಿಲ್ಲ. ಈ ಚಿಕಿತ್ಸೆಯ ನಂತರದ ಮೊದಲ ವಾರಗಳಲ್ಲಿ ಮನಸ್ಸು ಕುಗ್ಗುವುದು, ‘ಯಾಕಾದರೂ ಮಾಡಿಸಿಕೊಂಡೆನೋ’ ಎಂದು ಅಳು ಬರುವುದು ಬಹಳ ಮಂದಿಗೆ ಆಗುತ್ತದೆ. ಹಸಿವು, ನಿದ್ದೆಗೇಡು, ಔಷಧಿ, ಕನ್ನಡಿಯಲ್ಲಿ ಕಾಣುವ ಅಪರಿಚಿತ ಮುಖ ಎಲ್ಲವೂ ಸೇರಿ ಹಾಗಾಗುತ್ತದೆ. ಮೊದಲ ಕೆಲವು ವಾರ ಬಂದುಹೋಗುವವರನ್ನು ಮಿತಿಗೊಳಿಸಿ. ಅವರಿಗೆ ಜಗುಲಿಯಲ್ಲೇ ನಾಲ್ಕು ಮಾತಿನಲ್ಲಿ ವಿಷಯ ತಿಳಿಸಿ. ಕೈಗೊಂದು ಸ್ಲೇಟು ಬಳಪವನ್ನೋ, ನೋಟುಪುಸ್ತಕವನ್ನೋ ಕೊಡಿ. ಅವಳು ಬರೆದದ್ದನ್ನು ಓದುವ ತಾಳ್ಮೆ ನಿಮಗಿರಲಿ. ಊಟದ ಹೊತ್ತಿಗೆ ಎಲ್ಲರೂ ಅವಳ ಮುಂದೆಯೇ ಚಕ್ಕುಲಿ ಕಡಿಯದಿರಿ. ಹಲವು ವಾರ ಕಳೆದರೂ ಬೇಸರ ಇಳಿಯದಿದ್ದರೆ, ಅಥವಾ ಬದುಕೇ ಬೇಡವೆಂಬ ಮಾತು ಬಂದರೆ, ತಡಮಾಡದೆ ವೈದ್ಯರಿಗೆ ತಿಳಿಸಿ.

ತಡಮಾಡಬಾರದ ಲಕ್ಷಣಗಳು

ಉಸಿರಾಟಕ್ಕೆ ಕಷ್ಟವಾದರೆ, ಬಾಯಿತುಂಬ ಕೆಂಪು ರಕ್ತ ಬರತೊಡಗಿದರೆ, ಒಂದು ಕಾಲು ಊದಿ ನೋವಾದರೆ ಅಥವಾ ಎದೆನೋವು ಬಂದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಕರೆ ಮಾಡಿ. ಮೇಲ್ದವಡೆಯ ಚಿಕಿತ್ಸೆಯಾದವರಲ್ಲಿ ಒಂದೆರಡು ವಾರ ಕಳೆದ ಮೇಲೂ ರಕ್ತಸ್ರಾವ ಆಗುವುದುಂಟು. ಅದನ್ನು ಉಷ್ಣವೆಂದು ಬಿಡಬಾರದು. ಇಳಿಯುತ್ತಿದ್ದ ಊತ ಮತ್ತೆ ಏರಿದರೆ, ಜ್ವರ ಬಂದರೆ, ಬಾಯಲ್ಲಿ ಕೀವಿನ ಕೆಟ್ಟ ರುಚಿ ಕಂಡರೆ, ನಿನ್ನೆ ಕೂಡುತ್ತಿದ್ದ ಹಲ್ಲುಗಳು ಇಂದು ಕೂಡದಿದ್ದರೆ, ಪಟ್ಟಿ ಹೊರಗೆ ಕಂಡರೆ ಅದೇ ದಿನ ತೋರಿಸಬೇಕು.

ದವಡೆ ಬಿಗಿದವರಿಗೆ ವಾಂತಿಯಾದರೆ ಗಾಬರಿ ಬೇಡ. ಕೂಡಲೇ ಮುಂದಕ್ಕೆ ಬಗ್ಗಿಸಿ, ಮುಖ ಕೆಳಗೆ ಮಾಡಿಸಿ. ಹೊಟ್ಟೆಯಲ್ಲಿರುವುದು ದ್ರವವೇ ಆದ್ದರಿಂದ ಹಲ್ಲುಗಳ ಸಂದಿಯಿಂದಲೂ ಮೂಗಿನಿಂದಲೂ ಹೊರಬರುತ್ತದೆ. ಉಸಿರು ಕಟ್ಟಿದರೆ ಮಾತ್ರ ಬ್ಯಾಂಡು ಅಥವಾ ತಂತಿ ಕತ್ತರಿಸಬೇಕು. ಯಾವುದನ್ನು ಕತ್ತರಿಸಬೇಕೆಂದು ವೈದ್ಯರಿಂದ ಮೊದಲೇ ತಿಳಿದಿರಬೇಕು. ಕತ್ತರಿ ಹಾಸಿಗೆಯ ಪಕ್ಕದಲ್ಲೇ, ಮನೆಯವರೆಲ್ಲರಿಗೂ ಗೊತ್ತಿರುವ ಕಡೆ ಇರಬೇಕು.

ಯಾರ ಬಳಿ ಹೋಗಬೇಕು?

ಈ ವಿಷಯದ ತಜ್ಞರು ಬಾಯಿ, ದವಡೆ ಮತ್ತು ಮುಖದ ಶಸ್ತ್ರಚಿಕಿತ್ಸಕರು. ದಂತವೈದ್ಯಕೀಯ ಕಾಲೇಜುಗಳಲ್ಲಿ ಈ ವಿಭಾಗ ಇರುತ್ತದೆ. ಬೆಂಗಳೂರಿನಲ್ಲಿ 1958ರಲ್ಲಿ ಆರಂಭವಾದ ಸರ್ಕಾರಿ ದಂತವೈದ್ಯಕೀಯ ಕಾಲೇಜು ವಿಕ್ಟೋರಿಯಾ ಆಸ್ಪತ್ರೆಯ ಬಳಿಯೇ ಇದೆ. ತುರ್ತು ಸಂದರ್ಭಕ್ಕೆ ಹಾರೋಹಳ್ಳಿಯವರಿಗೆ ಹತ್ತಿರದಲ್ಲೇ ದೇವರಕಗ್ಗಲಹಳ್ಳಿಯಲ್ಲಿ ದಯಾನಂದ ಸಾಗರ್ ವಿಶ್ವವಿದ್ಯಾಲಯದ ಚಂದ್ರಮ್ಮ ದಯಾನಂದ ಸಾಗರ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ಕನಕಪುರದಲ್ಲಿ ಸರ್ಕಾರಿ ಆಸ್ಪತ್ರೆಯಿದೆ.

ಮಗಳು ಬರುವ ಮೊದಲೇ ಅಪ್ಪ ಒಮ್ಮೆ ಇಂಥ ತಜ್ಞರನ್ನು ಕಂಡು, ಕಾಗದಗಳ ಪ್ರತಿ ತೋರಿಸಿ, ಬಂದ ವಾರದಲ್ಲೇ ಪರೀಕ್ಷೆಗೆ ದಿನ ಗೊತ್ತು ಮಾಡಿಕೊಳ್ಳುವುದು ಜಾಣತನ. ತೊಂದರೆ ಬಂದ ರಾತ್ರಿ ವೈದ್ಯರನ್ನು ಹುಡುಕುವುದು ಕಷ್ಟ. ಹಲ್ಲಿನ ಕ್ಲಿಪ್ಪಿನ ಚಿಕಿತ್ಸೆ ಶಸ್ತ್ರಚಿಕಿತ್ಸೆಯ ನಂತರವೂ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಮುಂದುವರಿಯುತ್ತದೆ. ಅದು ಇಲ್ಲೋ, ಅಲ್ಲೋ ಎಂಬುದನ್ನೂ ಮೊದಲೇ ತೀರ್ಮಾನಿಸಿ. ಅಲ್ಲಿನ ವೈದ್ಯರ ವಿಳಾಸ, ದೂರವಾಣಿ ಸಂಖ್ಯೆಯನ್ನು ಇಲ್ಲಿನವರಿಗೆ ಕೊಡಿ. ಇಬ್ಬರೂ ಒಮ್ಮೆ ಮಾತನಾಡಿಕೊಂಡರೆ ರೋಗಿಯ ಅರ್ಧ ಆತಂಕ ಕಳೆಯುತ್ತದೆ.

ಪರದೇಶದ ಆಸ್ಪತ್ರೆಯಲ್ಲಿ ಎಷ್ಟೇ ನುರಿತ ಕೈ ಮೂಳೆಯನ್ನು ಜೋಡಿಸಿರಲಿ, ಅದು ಕೂಡುವವರೆಗೆ ಕಾಯಬೇಕಾದವರು ಮನೆಯವರು. ಕಾಗದ ಕೈಯಲ್ಲಿರಲಿ, ಬಟ್ಟಲಲ್ಲಿ ಪೌಷ್ಟಿಕ ಆಹಾರವಿರಲಿ, ತಜ್ಞರ ಪರಿಚಯವಿರಲಿ, ನಾಲಿಗೆಯ ಮೇಲೆ ಹಿಡಿತವಿರಲಿ. ಇಷ್ಟಿದ್ದರೆ ಆರು ವಾರ ಹೇಗೆ ಕಳೆಯಿತೆಂಬುದೇ ತಿಳಿಯುವುದಿಲ್ಲ.